ಖಾಲಿ ಗೂಟದ ಲೆಕ್ಕ

ಟೂಲ್ ಬಾಕ್ಸಿನ ಡ್ರಾಯರಿನಲ್ಲಿ ಸಾಕೆಟ್ ಜೋಡಿಸಿಡಲು ಏನಾದರೂ ಬೇಕು ಎಂದು ಕೇಳಿದರೆ ಅಂಗಡಿಯವರು ನಾಲ್ಕು ಬಗೆ ತೋರಿಸುತ್ತಾರೆ. ತಗಡಿನ ಉದ್ದ ಪಟ್ಟಿಗೆ ಸ್ಪ್ರಿಂಗ್ ಕ್ಲಿಪ್ಪುಗಳನ್ನು ತೂರಿಸಿದ್ದು ಒಂದು, ಸಾಲಾಗಿ ಗೂಟ ಎದ್ದುನಿಂತ ಪ್ಲಾಸ್ಟಿಕ್ ತಟ್ಟೆ ಇನ್ನೊಂದು, ತಳದಲ್ಲಿ ಅಯಸ್ಕಾಂತ ಇರುವುದು ಮತ್ತೊಂದು, ಒಂದೊಂದು ಸಾಕೆಟಿನ ಆಕಾರಕ್ಕೂ ಕೊರೆದ ಫೋಮ್ ಹಾಸು ಕೊನೆಯದು. ಕೊಳ್ಳುವವರು ಇದನ್ನು ಅಚ್ಚುಕಟ್ಟಿನ ವಿಷಯವೆಂದೇ ತಿಳಿದು ಬೆಲೆ, ಬಣ್ಣ, ಗಟ್ಟಿತನ ನೋಡಿ ಒಂದನ್ನು ಒಯ್ಯುತ್ತಾರೆ. ಆದರೆ ಈ ತಟ್ಟೆಯ ಹಿಂದೆ ಸುಮಾರು 180 ವರ್ಷಗಳ ಕಥೆಯಿದೆ, ಮತ್ತು ಆ ಕಥೆಯಲ್ಲಿ ಅಚ್ಚುಕಟ್ಟಿಗೆ ಸಿಗುವುದು ಸಣ್ಣ ಪಾತ್ರ. ಯಾವ ಅಳತೆಗಳು ಇರಬೇಕು, ಯಾವುವು ಬೇಡ ಎಂದು ದೇಶ ದೇಶಗಳು ಮಾಡಿಕೊಂಡ, ಮುರಿದ, ಮತ್ತೆ ಮಾಡಿಕೊಂಡ ಒಪ್ಪಂದಗಳೇ ಅದರ ಮೂಲ. ಅಳತೆಗಳ ಪಟ್ಟಿ ಎಲ್ಲಿಂದ ಎಲ್ಲಿಯವರೆಗೆ ಎಂದು ಗೊತ್ತಿದ್ದಾಗ ಮಾತ್ರ ಒಂದು ಗೂಟ ಖಾಲಿ ಇದೆ ಎನ್ನುವುದಕ್ಕೆ ಅರ್ಥ ಬರುತ್ತದೆ. ಆ ಖಾಲಿಯನ್ನು ತೋರಿಸುವುದೇ ತಟ್ಟೆಯ ಅಸಲು ಕೆಲಸ ಎಂಬುದು ನನ್ನ ವಾದ.

19ನೆಯ ಶತಮಾನದ ಮೊದಲ ಭಾಗದಲ್ಲಿ ಅಂಥ ಪಟ್ಟಿಯೇ ಇರಲಿಲ್ಲ. ಇಂಗ್ಲೆಂಡಿನ ಒಂದೊಂದು ಕಾರ್ಖಾನೆಯೂ ತನ್ನ ಬೋಲ್ಟಿನ ಮರೆಯನ್ನು (ಥ್ರೆಡ್) ತಾನೇ ಕೊರೆಯುತ್ತಿತ್ತು, ಒಂದರ ನಟ್ಟು ಇನ್ನೊಂದರ ಬೋಲ್ಟಿಗೆ ಕೂರುತ್ತಿರಲಿಲ್ಲ. 1841ರಲ್ಲಿ ಅಲ್ಲಿನ ಎಂಜಿನಿಯರ್ ಜೋಸೆಫ್ ವಿಟ್ವರ್ತ್ ಹಲವು ಕಾರ್ಖಾನೆಗಳ ತಿರುಪುಗಳನ್ನು ಹೋಲಿಸಿ ಸರಾಸರಿ ತೆಗೆದು, 55 ಡಿಗ್ರಿ ಕೋನದ ಒಂದೇ ಮರೆಯನ್ನು ಎಲ್ಲರಿಗೂ ಸೂಚಿಸಿದ. ಅಮೆರಿಕ ಅದನ್ನು ಒಪ್ಪಲಿಲ್ಲ. 1864ರಲ್ಲಿ ಫಿಲಡೆಲ್ಫಿಯಾದ ವಿಲಿಯಂ ಸೆಲ್ಲರ್ಸ್ 60 ಡಿಗ್ರಿಯ ತನ್ನದೇ ಕ್ರಮ ಮಂಡಿಸಿದ, ನಟ್ಟಿನ ಅಗಲಕ್ಕೂ ಸೂತ್ರ ಹಾಕಿಕೊಟ್ಟ: ಬೋಲ್ಟಿನ ವ್ಯಾಸದ ಒಂದೂವರೆ ಪಟ್ಟು, ಅದಕ್ಕೆ ಇಂಚಿನ ಎಂಟನೆಯ ಒಂದು ಭಾಗ ಕೂಡಿಸು. ಮರೆಯ ಕೋನಕ್ಕಿಂತ ಈ ಎರಡನೆಯ ಮಾತು ನಮಗೆ ಇಲ್ಲಿ ಮುಖ್ಯ. ಸ್ಪ್ಯಾನರಿಗಾಗಲಿ ಸಾಕೆಟಿಗಾಗಲಿ ಮರೆ ಕಾಣುವುದಿಲ್ಲ, ಅದಕ್ಕೆ ಸಿಗುವುದು ಆರು ಮುಖದ ತಲೆಯಷ್ಟೇ. ತಲೆಯ ಅಗಲಕ್ಕೆ ನಿಯಮ ಬಂದ ಮೇಲೆಯೇ ಇಷ್ಟು ಸಾಕೆಟ್ ಇದ್ದರೆ ಸೆಟ್ ಪೂರ್ತಿಯಾಯಿತು ಎಂದು ಯಾರಾದರೂ ಹೇಳಲು ಸಾಧ್ಯವಾಯಿತು.

ಹಿಡಿಯಿಂದ ಬೇರೆಯಾಗಿ ಕೈಗೆ ಬರುವ ಸಾಕೆಟು ಕೂಡ ಅದೇ ಕಾಲದ್ದು. ಅಮೆರಿಕದ ವರ್ಮಾಂಟಿನ ಜೆ. ಜೆ. ರಿಚರ್ಡ್‌ಸನ್ 1863ರಲ್ಲಿ ರ್ಯಾಚೆಟ್ ಹಿಡಿಯ ಸಾಕೆಟ್ ವ್ರೆಂಚಿಗೆ ಪೇಟೆಂಟ್ ಪಡೆದ. ಮೋಟಾರು ಕಾರು ಬಂದ ಮೇಲೆ ಮ್ಯಾಸಚೂಸೆಟ್ಸಿನ ಫ್ರಾಂಕ್ ಮಾಸ್‌ಬರ್ಗ್ ಕಂಪನಿಯಂಥವರು ಸಾಕೆಟುಗಳನ್ನು ಮರದ ಪೆಟ್ಟಿಗೆಯಲ್ಲಿ ಜೋಡಿಸಿ ಮಾರತೊಡಗಿದರು. ಆದರೆ ಈ ಆಲೋಚನೆಯನ್ನು ಗ್ಯಾರೇಜಿನ ಮಂದಿಯ ತಲೆಯಲ್ಲಿ ಕೂರಿಸಿದ ಕೀರ್ತಿ 1920ರಲ್ಲಿ ಮಿಲ್ವಾಕಿಯಲ್ಲಿ ಜೋಸೆಫ್ ಜಾನ್ಸನ್ ಮತ್ತು ವಿಲಿಯಂ ಸೈಡ್‌ಮನ್ ಕಟ್ಟಿದ ಸ್ನ್ಯಾಪ್-ಆನ್ ಕಂಪನಿಗೆ ಸಲ್ಲಬೇಕು. ಅವರ ಲೆಕ್ಕ ಸರಳ: ಐದು ಹಿಡಿ, ಹತ್ತು ಸಾಕೆಟ್, ಯಾವುದಕ್ಕೆ ಯಾವುದನ್ನಾದರೂ ಸಿಕ್ಕಿಸಬಹುದು, ಹೀಗಾಗಿ ಐವತ್ತು ವ್ರೆಂಚಿನ ಕೆಲಸ. ಲೆಕ್ಕವೇನೋ ಸರಿ. ಆದರೆ ಅದರ ಅಡಿಯಲ್ಲಿ ಒಂದು ನಷ್ಟವೂ ಇತ್ತು. ಉದ್ದ ಹಿಡಿಯ ವ್ರೆಂಚು ಕಳೆಯುವುದು ಕಷ್ಟ, ಹೆಬ್ಬೆರಳ ತುದಿಯಷ್ಟಿರುವ ಸಾಕೆಟು ಕಳೆಯಲು ಒಂದು ಕ್ಷಣ ಸಾಕು. ಜೊತೆಗೆ ಹಿಡಿಯಿಂದ ಬಿಡಿಸಿದ ಸಾಕೆಟುಗಳೆಲ್ಲ ಒಂದೇ ಥರ ಕಾಣುತ್ತವೆ. 12 ಮತ್ತು 13ರ ನಡುವೆ ಇರುವುದು ಒಂದು ಮಿಲಿಮೀಟರ್. ಅದನ್ನು ಮಸಿ ಹಿಡಿದ ಬೆರಳಿನಿಂದ, ಕಾರಿನ ಅಡಿ ಮಲಗಿ ಗುರುತಿಸಬೇಕು. ಐವತ್ತನ್ನು ಹದಿನೈದಕ್ಕೆ ಇಳಿಸಿದ ಜಾಣತನವೇ ತಟ್ಟೆಯನ್ನೂ ಬೇಡಿತು.

ಕುಶಲಕರ್ಮಿಗಳು ತಮ್ಮ ಸಲಕರಣೆಗೆ ಜಾಗ ಮಾಡಿಕೊಂಡದ್ದು ಯಾವ ಅಳತೆಯ ಒಪ್ಪಂದಕ್ಕೂ ಮೊದಲಲ್ಲವೇ ಎಂದು ಯಾರಾದರೂ ಕೇಳಬಹುದು. ಸರಿಯಾದ ಪ್ರಶ್ನೆ. ಅಮೆರಿಕದ ಪಿಯಾನೋ ಕೆಲಸಗಾರ ಹೆನ್ರಿ ಸ್ಟಡ್ಲಿಯ ಗೋಡೆ ಪೆಟ್ಟಿಗೆ ಆ ಹಳೆಯ ಪರಂಪರೆಯ ಪ್ರಸಿದ್ಧ ಉದಾಹರಣೆ. ಬಾಗಿಲು ಮುಚ್ಚಿದರೆ ಸಾಧಾರಣ ಗಾತ್ರದ ಪೆಟ್ಟಿಗೆ, ತೆರೆದರೆ ಸುಮಾರು 300 ಸಲಕರಣೆ, ಒಂದೊಂದಕ್ಕೂ ಅದರದೇ ಗೂಡು. 1906ರಿಂದ ಒಹಾಯೋದ ಗರ್ಸ್ಟ್‌ನರ್ ಕಂಪನಿ ಮಾಡುತ್ತ ಬಂದ, ಒಳಗೆ ಬಟ್ಟೆ ಹಾಸಿದ ಮರದ ಡ್ರಾಯರುಗಳೂ ಆ ಪರಂಪರೆಗೆ ಸೇರಿದವು. ಆದರೆ ಸ್ಟಡ್ಲಿಯ ಪೆಟ್ಟಿಗೆಯಲ್ಲಿ ಗರಗಸ ಗರಗಸದಂತೆ ಕಾಣುತ್ತದೆ, ಉಳಿ ಉಳಿಯಂತೆ. ಯಾವುದು ಯಾವುದೆಂದು ಹೇಳಲು ಅಂಕಿ ಬೇಕಿಲ್ಲ. ಆ ಗೂಡುಗಳು ಆ ಮನುಷ್ಯನ ಸಲಕರಣೆಗೆ ಮಾತ್ರ ಹೊಂದುತ್ತವೆ, ಬೇರೊಬ್ಬರ ಉಳಿ ಅಲ್ಲಿ ಕೂರುವುದಿಲ್ಲ. ಸಾಕೆಟಿನ ತಟ್ಟೆ ಇದಕ್ಕೆ ತಿರುಗುಮುರುಗು: ಯಾರ 14 ಆದರೂ 14ರ ಗೂಟದಲ್ಲಿ ಕೂರುತ್ತದೆ. ಹಳೆಯ ಪೆಟ್ಟಿಗೆಯಲ್ಲಿ ಕಾಣುವುದು ಒಬ್ಬ ಮನುಷ್ಯನ ಕ್ರಮ. ತಟ್ಟೆಯಲ್ಲಿ ಕಾಣುವುದು ಅಂಕಿಗಳ ಕ್ರಮ.

ಆ ಅಂಕಿಗಳ ಕ್ರಮ ಎಷ್ಟು ಜಗಳಗಂಟ ಎನ್ನುವುದನ್ನು ತಿಳಿಯಲು ಬೆಂಗಳೂರಿಗಿಂತ ಒಳ್ಳೆಯ ಜಾಗ ಬೇಡ. 1940ರಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಇಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರುಮಾಡಿದರು. ಬ್ರಿಟಿಷ್ ಆಳ್ವಿಕೆಯ ದೇಶವಾದರೂ ಅಲ್ಲಿ ಮೊದಲು ಜೋಡಿಸಿದ್ದು ಹಾರ್ಲೋ, ಕರ್ಟಿಸ್ ಎಂಬ ಅಮೆರಿಕದ ವಿಮಾನಗಳನ್ನು. 1943ರಲ್ಲಿ ಕಾರ್ಖಾನೆ ಅಮೆರಿಕದ ಸೇನಾ ವಾಯುಪಡೆಯ ಸುಪರ್ದಿಗೆ ಹೋಗಿ, ಯುದ್ಧ ಮುಗಿಯುವವರೆಗೆ ದೊಡ್ಡ ರಿಪೇರಿ ಕೇಂದ್ರವಾಗಿ ನಡೆಯಿತು. ಯುದ್ಧದ ನಂತರ ಕೈಗೆ ಬಂದದ್ದು ಹೆಚ್ಚಾಗಿ ಬ್ರಿಟಿಷ್ ವಿನ್ಯಾಸ, ಬ್ರಿಟಿಷ್ ಎಂಜಿನ್. ಅಮೆರಿಕದ ಇಂಚು ಮತ್ತು ಬ್ರಿಟನ್ನಿನ ಇಂಚು ಹೆಸರಿಗೆ ಒಂದೇ, ಆದರೆ ಸ್ಪ್ಯಾನರಿನ ಮೇಲೆ ಬರೆದ ಅಂಕಿಯ ಅರ್ಥ ಬೇರೆ. ಅಮೆರಿಕದ ಪದ್ಧತಿಯಲ್ಲಿ ಅರ್ಧ ಇಂಚು ಎಂದರೆ ಬಾಯಿಯೇ ಅರ್ಧ ಇಂಚು, ಅಂದರೆ 12.7 ಎಂಎಂ. ವಿಟ್ವರ್ತ್ ಸ್ಪ್ಯಾನರಿನ ಮೇಲಿನ ಅರ್ಧ ಇಂಚು ಬೋಲ್ಟಿನ ಕಡ್ಡಿಯ ವ್ಯಾಸ. ಅದರ ಬಾಯಿ 0.92 ಇಂಚು, ಅಂದರೆ 23 ಎಂಎಂ ಮೀರಿದ್ದು. ಯುದ್ಧಕಾಲದಲ್ಲಿ ಉಕ್ಕು ಉಳಿಸಲು ಬ್ರಿಟನ್ ಬೋಲ್ಟಿನ ತಲೆಯನ್ನು ಒಂದು ಮೆಟ್ಟಿಲು ಚಿಕ್ಕದು ಮಾಡಿದ್ದರಿಂದ ಒಂದೇ ಬಾಯಿಯ ಮೇಲೆ ಎರಡು ಅಂಕಿ ಕೆತ್ತುವ ರೂಢಿಯೂ ಬಂತು: ಒಂದು ಕಡೆ 7/16, ಪಕ್ಕದಲ್ಲಿ 1/2, ಎರಡೂ ಸರಿ. ರೋಲ್ಸ್ ರಾಯ್ಸ್‌ನ ಮರ್ಲಿನ್ ಎಂಜಿನ್ನನ್ನು ಅಮೆರಿಕದ ಪ್ಯಾಕರ್ಡ್ ಕಂಪನಿ ತಯಾರಿಸಿದಾಗ ಬ್ರಿಟಿಷ್ ಮರೆಯನ್ನೇ ಉಳಿಸಿಕೊಳ್ಳಬೇಕಾಗಿ, ಅದಕ್ಕೆ ಬೇಕಾದ ಕೊರೆಯುವ ಉಪಕರಣಗಳನ್ನು ತಾನೇ ಮಾಡಿಕೊಳ್ಳಬೇಕಾಯಿತು. ಇಂಥ ಪಾಡು ಸಾಕಾಗಿ 1948ರ ನವೆಂಬರಿನಲ್ಲಿ ಅಮೆರಿಕ, ಬ್ರಿಟನ್, ಕೆನಡಾ ಮೂರೂ ಒಂದೇ ಮರೆಗೆ ಸಹಿ ಹಾಕಿದವು. ಒಗ್ಗಟ್ಟು ಬಂದದ್ದು ಕಾಗದಕ್ಕೆ. ಹಳೆಯ ಬೋಲ್ಟುಗಳು ತಮ್ಮ ಜಾಗದಲ್ಲೇ ಉಳಿದವು.

ಆ ಹಳೆಯ ಮತ್ತು ಹೊಸ ಬೋಲ್ಟುಗಳೆಲ್ಲ ಒಟ್ಟಿಗೆ ನಮ್ಮ ರಸ್ತೆಗೆ ಬಂದವು. 1955ರಿಂದ ಮದರಾಸಿನಲ್ಲಿ ತಯಾರಾದ ಬುಲೆಟ್ ಬೈಕಿಗೆ ಬ್ರಿಟಿಷ್ ಮರೆ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಮಗನಾದ ಅಂಬಾಸಡರ್‌ಗೆ 1948ರ ಒಪ್ಪಂದದ ಇಂಚು. ಮುಂಬೈಯ ಫಿಯೆಟ್‌ಗೆ ಎಂಎಂ, 1954ರಿಂದ ಬಂದ ಟಾಟಾ-ಮರ್ಸಿಡಿಸ್ ಲಾರಿಗೆ ಎಂಎಂ, 1961ರಲ್ಲಿ ಮೈಸೂರಿನ ಯಾದವಗಿರಿಯಿಂದ ಹೊರಬಿದ್ದ ಜಾವಾ ಬೈಕಿಗೂ ಎಂಎಂ. ಭಾರತ ಕಾನೂನಿನಲ್ಲಿ ಮೆಟ್ರಿಕ್ ಪದ್ಧತಿಗೆ ಒಪ್ಪಿದ್ದು 1956ರಲ್ಲಿ, ಬಳಕೆಗೆ ತರತೊಡಗಿದ್ದು 1958ರ ಅಕ್ಟೋಬರಿನಲ್ಲಿ. ಸೇರು ಪಾವು ಕೆಲವೇ ವರ್ಷಗಳಲ್ಲಿ ಅಂಗಡಿಯಿಂದ ಹಿಂದೆ ಸರಿದವು, ಗ್ಯಾರೇಜಿನ ಇಂಚು ಮಾತ್ರ ಅಂಬಾಸಡರ್ ಓಡಾಡುವವರೆಗೆ ಹೋಗಲಿಲ್ಲ. ಆ ಕಾಲದ ಮೆಕ್ಯಾನಿಕ್ಕು ಮೂರು ಸರಣಿಗಳನ್ನು ಒಟ್ಟಿಗೆ ಇಟ್ಟುಕೊಳ್ಳಬೇಕಿತ್ತು, ಯಾವುದು ಯಾವುದಕ್ಕೆ ನಡೆಯುತ್ತದೆ ಎಂದೂ ಬಾಯಿಪಾಠ ಇರಬೇಕಿತ್ತು. ಮುಕ್ಕಾಲು ಇಂಚು 19.05 ಎಂಎಂ, ಅದಕ್ಕೆ 19 ಸಲೀಸಾಗಿ ನಡೆಯುತ್ತದೆ. ಅರ್ಧ ಇಂಚಿನ ತಲೆಗೆ 13 ಹಾಕಿದರೆ 0.3 ಮಿಲಿಮೀಟರ್ ಸಡಿಲ. ಬಿಗಿಯಾಗಿ ಕೂತ ಬೋಲ್ಟಾದರೆ ಮೂಲೆಗಳು ಸವೆದು ದುಂಡಾಗುತ್ತವೆ, ಆಮೇಲೆ ಚಾಣ ಸುತ್ತಿಗೆಯೇ ಗತಿ. ಮಿಶ್ರವಾದ ರಾಶಿಯ ಬೆಲೆ ತೆರುತ್ತಿದ್ದದ್ದು ಆ ಮೂಲೆಗಳು.

1983ರ ಕೊನೆಗೆ ಮಾರುತಿ, ಅದರ ಹಿಂದೆಯೇ ಜಪಾನಿನ ಸಹಯೋಗದ ಬೈಕುಗಳು ಬಂದಾಗ ಎಲ್ಲವೂ ಎಂಎಂ ಆಯಿತು, ಗೊಂದಲ ಮುಗಿಯಿತು ಎಂದುಕೊಂಡವರಿಗೆ ಇನ್ನೊಂದು ಪಾಠ ಕಾದಿತ್ತು. 8 ಎಂಎಂ ಬೋಲ್ಟಿಗೆ ಜರ್ಮನ್ ಪದ್ಧತಿಯಲ್ಲಿ ತಲೆ 13, ಜಪಾನಿನ ವಾಹನಗಳಲ್ಲಿ 12. 10 ಎಂಎಂ ಬೋಲ್ಟಿಗೆ ಜರ್ಮನ್ನರದು 17, ಅಂತರರಾಷ್ಟ್ರೀಯ ಮಾನಕದ್ದು 16, ಜಪಾನಿನವರದು 14. ಡ್ರಾಯರಿನಲ್ಲಿ ಯಾವ ಸಾಕೆಟುಗಳು ಬೆಳ್ಳಗೆ ಸವೆದಿವೆ, ಯಾವುವು ಹೊಸದರಂತೆ ಮಿರುಗುತ್ತಿವೆ ಎಂದು ನೋಡಿದರೆ ಆ ಗ್ಯಾರೇಜಿಗೆ ಯಾವ ದೇಶದ ವಿನ್ಯಾಸ ಹೆಚ್ಚು ಬರುತ್ತದೆ ಎಂದು ಹೇಳಿಬಿಡಬಹುದು. 10ರ ಸಾಕೆಟು ಎಲ್ಲರ ಹತ್ತಿರವೂ ಕಳೆದುಹೋಗುತ್ತದೆ ಎಂಬ ಮೆಕ್ಯಾನಿಕ್ಕುಗಳ ತಮಾಷೆಗೂ ಇಲ್ಲೇ ಕಾರಣವಿದೆ. 6 ಎಂಎಂ ಬೋಲ್ಟಿನ ತಲೆ ಈ ಮೂರೂ ಪದ್ಧತಿಗಳಲ್ಲಿ 10. ಎಲ್ಲ ಗಾಡಿಗೂ ಬೇಕಾದದ್ದು ಅದೇ, ಹೆಚ್ಚು ಸಲ ಕೈ ಬದಲಾಗುವುದೂ ಅದೇ, ಹಾಗಾಗಿ ಮೊದಲು ಖಾಲಿಯಾಗುವ ಗೂಟವೂ ಅದರದೇ. ಇಷ್ಟೆಲ್ಲ ಆದರೂ ಸಾಕೆಟಿನ ಹಿಂಬದಿಯ ಚೌಕ ತೂತು ಇಂದಿಗೂ ಇಂಚೇ: ಕಾಲು, 3/8, ಅರ್ಧ, ಮುಕ್ಕಾಲು. ಅಂತರರಾಷ್ಟ್ರೀಯ ಮಾನಕ ಅವನ್ನು 6.3, 10, 12.5, 20 ಎಂದು ಎಂಎಂ ಹೆಸರಿನಿಂದ ಕರೆದು ಮರ್ಯಾದೆ ಉಳಿಸಿಕೊಂಡಿದೆ. ಮುಂಬದಿ ಮೆಟ್ರಿಕ್, ಹಿಂಬದಿ ಇಂಚು. ಗೂಟದ ತಟ್ಟೆ ಸಾಕೆಟನ್ನು ಹಿಡಿಯುವುದು ಹಿಂಬದಿಯಿಂದ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ನಮ್ಮ ರಸ್ತೆಬದಿಯ ಮೆಕ್ಯಾನಿಕ್ಕು ಗೋಣಿಚೀಲದ ಮೇಲೆ ಸ್ಪ್ಯಾನರುಗಳನ್ನು ಸುರಿದುಕೊಂಡು, ನೋಡದೆಯೇ ಕೈಹಾಕಿ ಬೇಕಾದದ್ದನ್ನು ಎತ್ತುತ್ತಾನೆ. ಅವನಿಗೆ ತಟ್ಟೆ ಯಾಕೆ? ಅವನಿಗೆ ನಿಜಕ್ಕೂ ಬೇಡ. ಎರಡು ಬಾಯಿಯ ಸ್ಪ್ಯಾನರು ತನ್ನ ಉದ್ದದಿಂದಲೇ ಗುರುತು ಹೇಳುತ್ತದೆ, ಹತ್ತು-ಹನ್ನೊಂದಕ್ಕಿಂತ ಹನ್ನೆರಡು-ಹದಿಮೂರು ಉದ್ದ. ಒಂದೆರಡು ಕಂಪನಿಯ ಬೈಕುಗಳಿಗೆ ಏಳೆಂಟು ಅಳತೆ ಸಾಕು. ಆದರೆ ಆ ರಾಶಿಯ ಕ್ರಮ ಇರುವುದು ಅವನ ನೆನಪಿನಲ್ಲಿ, ಸಂಜೆ ಅವನ ಜೊತೆ ಮನೆಗೆ ಹೋಗುತ್ತದೆ. ಮೂರು ಪಾಳಿಯಲ್ಲಿ ಹತ್ತು ಜನ ಒಂದೇ ಡ್ರಾಯರಿಗೆ ಕೈಹಾಕುವ ಕಡೆ ಅದು ಸಾಲದು. ವಿಮಾನ ರಿಪೇರಿಯಲ್ಲಂತೂ ಕಳೆದ ಸಾಕೆಟಿನ ಬೆಲೆ ಸಾಕೆಟಿನ ಬೆಲೆಯಲ್ಲ. ಅದು ಎಂಜಿನ್ನಿನೊಳಗೆ ಉಳಿಯಿತೇ ಎಂಬ ಪ್ರಶ್ನೆಗೆ ಉತ್ತರ ಸಿಗುವವರೆಗೆ ವಿಮಾನ ಏಳುವಂತಿಲ್ಲ. ಅದಕ್ಕೇ ಅಲ್ಲಿ ಎರಡು ಬಣ್ಣದ ಫೋಮ್: ಮೇಲೆ ಕಪ್ಪು, ಕೆಳಗೆ ಕೆಂಪು ಅಥವಾ ಹಳದಿ. ಸಲಕರಣೆ ಇಲ್ಲದಿದ್ದರೆ ಅದರ ಆಕಾರವೇ ಬಣ್ಣದಲ್ಲಿ ಎದ್ದು ಕಾಣುತ್ತದೆ, ಪಾಳಿ ಮುಗಿಯುವಾಗಿನ ಎಣಿಕೆಯೂ ಸುಲಭ. ತಟ್ಟೆ ಎಲ್ಲ ತಪ್ಪನ್ನೂ ತಡೆಯುತ್ತದೆ ಎಂದು ಮಾತ್ರ ಯಾರೂ ನಂಬಬಾರದು. 1980ರ ಸೆಪ್ಟೆಂಬರ್ 18ರಂದು ಅಮೆರಿಕದ ಅರ್ಕಾನ್ಸಾದ ಡಮಾಸ್ಕಸ್ ಬಳಿ ಟೈಟಾನ್ ಕ್ಷಿಪಣಿಯ ಮೇಲೆ ಕೆಲಸ ನಡೆದಿದ್ದಾಗ, ನಿಯಮ ಹೇಳಿದ ಟಾರ್ಕ್ ವ್ರೆಂಚಿನ ಬದಲು ರ್ಯಾಚೆಟ್ ಬಳಸಿದ್ದರು. ಅದರಿಂದ ಕಳಚಿದ ಭಾರೀ ಸಾಕೆಟು ಆಳಕ್ಕೆ ಬಿದ್ದು ಇಂಧನದ ಟ್ಯಾಂಕಿಗೆ ತೂತು ಮಾಡಿತು. ಮರುದಿನ ಬೆಳಗಿನ ಜಾವ ಕ್ಷಿಪಣಿ ಸಿಡಿದು ಒಬ್ಬ ಸೈನಿಕ ಸತ್ತ. ಸಾಕೆಟು ಎಲ್ಲಿದೆ ಎಂಬುದು ಅಲ್ಲಿ ಸಮಸ್ಯೆಯೇ ಆಗಿರಲಿಲ್ಲ.

ತಟ್ಟೆ ಎಂಬುದು ಮಾರಾಟದ ಉಪಾಯ ಎನ್ನುವವರೂ ಇದ್ದಾರೆ. ಖಾಲಿ ಗೂಟ ಕಂಡರೆ ತುಂಬಬೇಕೆನಿಸುತ್ತದೆ, ಎಂದೂ ಬಳಸದ 11, 15, 18 ಕೊಳ್ಳುವಂತಾಗುತ್ತದೆ. ಇದರಲ್ಲಿ ಸುಳ್ಳೇನೂ ಇಲ್ಲ, ಸ್ನ್ಯಾಪ್-ಆನ್‌ನ ಮೊದಲ ಮಾರಾಟಗಾರರು ಗ್ಯಾರೇಜಿಗೇ ಹೋಗಿ ಹಸಿರು ಬಟ್ಟೆಯ ಮೇಲೆ ಸಲಕರಣೆ ಹರಡಿ ತೋರಿಸಿದ್ದು ಸುಮ್ಮನೆ ಅಲ್ಲ. ಆದರೆ ಇಲ್ಲದ್ದನ್ನು ಮಾರುವವನಿಗೆ ತೋರಿಸುವ ಗೂಟವೇ ಕಳೆದದ್ದನ್ನು ಕೊಂಡವನಿಗೂ ತೋರಿಸುತ್ತದೆ. ಒಂದನ್ನು ಬಿಟ್ಟು ಇನ್ನೊಂದು ಸಿಗುವಂಥದ್ದಲ್ಲ.

ಹಾಗಾದರೆ ಕೊಳ್ಳುವುದು ಯಾವುದನ್ನು? ಮೊದಲು ಡ್ರಾಯರಿನ ಆಳ ಅಳೆಯಬೇಕು. ಎರಡು ಇಂಚಿನ ಡ್ರಾಯರಿನಲ್ಲಿ ಗಿಡ್ಡ ಸಾಕೆಟು ನಿಲ್ಲುತ್ತದೆ, ಉದ್ದನೆಯದನ್ನು ಮಲಗಿಸಲೇಬೇಕು. ಗೂಟದ ಮೇಲೆ ನಿಂತ ಸಾಕೆಟಿನ ಪಕ್ಕದಲ್ಲಿ ಕೆತ್ತಿದ ಅಂಕಿ ಮೇಲಿನಿಂದ ಕಾಣುವುದಿಲ್ಲ, ಆದ್ದರಿಂದ ಅಂಕಿ ತಟ್ಟೆಯ ಮೇಲೇ ದಪ್ಪಗೆ ಇರಬೇಕು. ಒಂದೇ ಕಂಪನಿಯ ವಾಹನ ನೋಡುವ, ಪಾಳಿ ಬದಲಾಗುವ ಸರ್ವಿಸ್ ಸೆಂಟರಿಗೆ ಕೊರೆದ ಫೋಮ್ ಸರಿ. ಅಲ್ಲಿ ಸರಣಿ ಬದಲಾಗದು. ಬೆಂಗಳೂರಿನ ಜೆ.ಸಿ. ರಸ್ತೆಯ ಸುತ್ತಲಿನ ಗ್ಯಾರೇಜುಗಳಂತೆ ಏನು ಬಂದರೂ ಬಿಚ್ಚುವವರಿಗೆ ಕ್ಲಿಪ್ಪು ಸರಿಸಬಹುದಾದ ಪಟ್ಟಿಯೇ ಲೇಸು, ಸರಣಿಗೊಂದು ಪಟ್ಟಿ, ಇಂಚಿನದು ಬೇರೆ ಬಣ್ಣದ್ದು. ಅಯಸ್ಕಾಂತದ್ದು ನನಗೆ ಅಷ್ಟಾಗಿ ಹಿಡಿಸದು: ಎಲ್ಲಿ ಬೇಕಾದರೂ ಅಂಟುತ್ತದೆ, ಹಾಗಾಗಿ ಒಂದು ಕಳೆದರೂ ಉಳಿದವು ಒತ್ತೊತ್ತಾಗಿ ನಿಂತು ಜಾಗ ಮುಚ್ಚಿಬಿಡುತ್ತವೆ. ಹಳೆಯ ಬುಲೆಟ್ ಇನ್ನೂ ಇಟ್ಟುಕೊಂಡವರು ವಿಟ್ವರ್ತ್ ಸಾಕೆಟುಗಳನ್ನು ಎಂಎಂ ಸಾಲಿನ ನಡುವೆ ತೂರಿಸದೆ ಬೇರೆ ಡ್ರಾಯರಿಗೇ ಹಾಕುವುದು ಒಳ್ಳೆಯದು. ಅವುಗಳ ಮೇಲೆ ಕೆತ್ತಿದ ಅಂಕಿ ಬಾಯಿಯ ಅಗಲವನ್ನು ನೇರವಾಗಿ ಹೇಳದ್ದರಿಂದ, ಸಾಲಿನಲ್ಲಿ ಅವಕ್ಕೆ ಸರಿಯಾದ ಜಾಗ ಹುಡುಕುವವರು ಪ್ರತಿ ಸಲವೂ ಕ್ಯಾಲಿಪರ್ ತೆಗೆಯಬೇಕಾಗುತ್ತದೆ.