ಕೊಡುವ ಸೇರು, ಈಸಿಕೊಳ್ಳುವ ಸೇರು

ಶಿರಾ ತಾಲ್ಲೂಕಿನ ಪಟ್ಟನಾಯಕನಹಳ್ಳಿಯಲ್ಲಿ ಗೆಳೆಯರು ಹದಿನೈದು ನಿಮಿಷದ ಸಿನಿಮಾ ಮಾಡಲು ಹೊರಟರು. ಇತಿಹಾಸದ ಸಂಶೋಧಕನೆಂಬ ಕಾರಣಕ್ಕೆ ಸಾಮಾನುಗಳ ಹೊಣೆ ನನ್ನ ತಲೆಗೆ ಬಂತು. ಸಿನಿಮಾದವರು ಇದನ್ನು 'ಪ್ರಾಪರ್ಟಿ' ಎನ್ನುತ್ತಾರೆ. ಊರಿನಲ್ಲಿ ಆ ಮಾತಿಗೆ ಪಹಣಿ ನೆನಪಾಗುತ್ತದೆ. "ಯಾರ ಪ್ರಾಪರ್ಟಿ ಬರ್ಕೊಂತಿದ್ದೀರಪ್ಪಾ?" ಎಂದು ಕೇಳಿದವರು, ಮೊರ, ವಂದರಿ, ಸೇರು ಎಂದಾಗ ನಕ್ಕುಬಿಟ್ಟರು.

ಕಥೆ ನಡೆಯುವುದು 1957ರ ಜನವರಿಯಲ್ಲಿ, ರಾಗಿ ಕಣದಲ್ಲಿ. ಕೂಲಿಯವರಿಗೆ ರಾಗಿ ಅಳೆದುಕೊಡುವುದೇ ಮುಖ್ಯ ದೃಶ್ಯ. ತಿಂಗಳು ಗೊತ್ತಾದ ಮೇಲೆ ಪಟ್ಟಿ ತಾನಾಗಿ ಬಿಗಿಯಾಯಿತು. ನಯಾಪೈಸೆ ಬಂದದ್ದು ಆ ವರ್ಷದ ಏಪ್ರಿಲ್ 1ರಂದು. ಹಾಗಾಗಿ ಎಲೆಯಡಿಕೆ ಚೀಲದಲ್ಲಿ ಇರಬೇಕಾದದ್ದು ಆಣೆ, ರೂಪಾಯಿಗೆ 16. ಮೆಟ್ರಿಕ್ ಪದ್ಧತಿ ಹಂತಹಂತವಾಗಿ ಜಾರಿಗೆ ಬಂದದ್ದು 1958ರ ಅಕ್ಟೋಬರಿನಿಂದ. ಅಂದರೆ ಕಣದಲ್ಲಿ ಲೀಟರಿಗೆ ಜಾಗವಿಲ್ಲ.

ನೋಟ್‌ಬುಕ್ಕಿನಲ್ಲಿ ಒಂದೊಂದು ವಸ್ತುವಿಗೂ ಒಂದು ಪುಟ ಮಾಡಿದೆ: ಯಾವ ದೃಶ್ಯಕ್ಕೆ, ಯಾರ ಮನೆಯದು, ತಂದ ದಿನ, ಹಿಂತಿರುಗಿಸಿದ ದಿನ. ಜೊತೆಗೆ ನಾಲ್ಕೂ ಕಡೆಯ ಫೋಟೊ. ನೆಗ್ಗು ಬಲಕ್ಕಿದ್ದರೆ ಮರುದಿನದ ಶಾಟ್‌ನಲ್ಲೂ ಅದು ಬಲಕ್ಕೇ ಇರಬೇಕಲ್ಲ.

ಇಂಥ ಪಟ್ಟಿ ಈ ಸೀಮೆಗೆ ಹೊಸದಲ್ಲ. ಟಿಪ್ಪು ಸತ್ತ ಮರುವರ್ಷ, 1800ರಲ್ಲಿ, ಕಂಪನಿ ಸರ್ಕಾರದ ಪರವಾಗಿ ಫ್ರಾನ್ಸಿಸ್ ಬುಕನನ್ ಶಿರಾಕ್ಕೆ ಬಂದಿದ್ದ. ಹೋದಲ್ಲೆಲ್ಲ ಬೆಳೆ, ನೇಯ್ಗೆ, ತೂಕ, ಅಳತೆಗಳನ್ನು ಬರೆದುಕೊಂಡ. ಅದು 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ನಾನೂ ಆ ಪುಟಗಳನ್ನು ತಿರುವಿದೆ. ಆದರೆ ಅವನ ಲೆಕ್ಕ ಹೊಸದಾಗಿ ಕೈಸೇರಿದ ನಾಡಿನಲ್ಲಿ ಏನೇನು ಹುಟ್ಟುತ್ತದೆ ಎಂಬುದರದು. ಅಳೆಯುವ ಕೈ ಯಾರದು ಎಂಬ ಪ್ರಶ್ನೆಗೆ ನನಗೆ ಅಲ್ಲಿ ಉತ್ತರ ಸಿಗಲಿಲ್ಲ.

ಸೇರು ಕೇಳಿದಾಗ ಒಬ್ಬ ಅಜ್ಜಿ ತಕ್ಷಣ ತಂದುಕೊಟ್ಟರು. ತಿರುಗಿಸಿ ನೋಡಿದೆ, ಮೈಮೇಲೆ '1 ಲೀಟರ್' ಎಂದಿತ್ತು. "ಇದು ಸೇರಲ್ಲ ಅಜ್ಜಿ, ಲೀಟರು," ಎಂದೆ. "ನಮಗೆ ಇದೇ ಸೇರು ಕಣಪ್ಪಾ," ಎಂದರು. ಅಳತೆ ಬದಲಾದರೂ ಹೆಸರು ಬದಲಾಗಿರಲಿಲ್ಲ. ಚಿಕ್ಕಂದಿನಿಂದ ಕೂಲಿ ಮಾಡಿದವರು ಅವರು. ಸುಮ್ಮನೆ ರಾಗಿ ತುಂಬಿ ತೋರಿಸಿದರು. ಮೊದಲು ಅಂಗೈಯಿಂದ ತಲೆ ಸವರಿ ಸಮ ಮಾಡಿದರು: "ಇದು ನಮಗೆ ಕೊಡೋ ಸೇರು." ಆಮೇಲೆ ಚೆಲ್ಲುವವರೆಗೆ ಗೋಪುರ ಕಟ್ಟಿದರು: "ಇದು ಸಾಲಕ್ಕೆ ನಮ್ಮಿಂದ ಈಸ್ಕಳೋ ಸೇರು."

ಪಾತ್ರೆ ಒಂದೇ, ಅಳತೆ ಎರಡು. ನಾನು ಲೋಹದ ಮೇಲಿನ ಅಕ್ಷರ ಓದುತ್ತಿದ್ದೆ, ಅವರು ಕೈಯನ್ನು ಓದಿದ್ದರು. ನನ್ನ ಪುಟದಲ್ಲಿ ಅದಕ್ಕೊಂದು ಕಾಲಮ್ಮೇ ಇರಲಿಲ್ಲ. ಅಂದು ರಾತ್ರಿ ಗೆರೆ ಎಳೆದು ಸೇರಿಸಿದೆ: 'ಹೇಗೆ ಬಳಸುತ್ತಿದ್ದರು, ಯಾರು.' ನಿರ್ದೇಶಕ ಗೆಳೆಯ ಆ ದೃಶ್ಯದ ಮಾತುಗಳನ್ನೆಲ್ಲ ತೆಗೆದು, ಸವರುವ ಅಂಗೈಯೊಂದನ್ನೇ ಉಳಿಸಿಕೊಂಡ.

ಇದೇ ಜಿಲ್ಲೆಯ ಗುಬ್ಬಿ ವೀರಣ್ಣನವರು 'ಕುರುಕ್ಷೇತ್ರ' ನಾಟಕಕ್ಕೆ ಆನೆ ಕುದುರೆಗಳನ್ನೇ ರಂಗಕ್ಕೆ ತಂದಿದ್ದರು. ನಮಗೆ ಒಂದು ಹಳೆಯ ಸೇರು ಸಿಗಲು ನಾಲ್ಕು ದಿನ ಬೇಕಾಯಿತು. ಕೊನೆಗೆ ಸಿಕ್ಕಿದ್ದು ಇನ್ನೊಂದು ಮನೆಯ ದೇವರ ಕೋಣೆಯಲ್ಲಿ. ಸೊಸೆಯನ್ನು ಮನೆ ತುಂಬಿಸಿಕೊಳ್ಳುವಾಗ ಹೊಸ್ತಿಲ ಮೇಲೆ ಅಕ್ಕಿ ತುಂಬಿಡಲು ಬೇಕೆಂದು ಅದು ಗುಜರಿಗೆ ಹೋಗದೆ ಉಳಿದಿತ್ತು. ವ್ಯವಹಾರದಿಂದ ಹೊರಬಿದ್ದ ಅಳತೆಯನ್ನು ಶಾಸ್ತ್ರ ಕಾಪಾಡಿತ್ತು. ಮನೆಯವರದು ಒಂದೇ ಷರತ್ತು: ಬರಿದಾಗಿ ತರಬಾರದು.

ಚಿತ್ರೀಕರಣ ಮುಗಿದ ಮೇಲೆ ಸೇರಿಗೆ ರಾಗಿ ತುಂಬಿಸಿ ಒಯ್ದೆವು. 'ಹಿಂತಿರುಗಿಸಿದ ದಿನ' ಎಂಬಲ್ಲಿ ತಾರೀಖಿನ ಪಕ್ಕ ಹೀಗೆ ಬರೆದೆ: ತಲೆ ಸವರಿಲ್ಲ.