‘ಮಿಸ್ಸಾ’ : ಒಂದು ಪದದ ಚರಿತ್ರೆ

ಯಸಳೂರು, ಸಕಲೇಶಪುರ, ಆಲೂರು ಸೀಮೆಯ ಕಾಫಿ ತೋಟಗಳ ನಡುವೆ ನೆಲೆಸಿರುವ ನಮ್ಮ ಕ್ರೈಸ್ತ ಬಾಂಧವರ ಮನೆಗಳಲ್ಲಿ ಭಾನುವಾರದ ಆರಾಧನೆಯನ್ನು ಒಂದೇ ಹೆಸರಿನಿಂದ ಕರೆಯುವುದಿಲ್ಲ. ಕನ್ನಡಿಗರು ಅದನ್ನು ‘ಪೂಜೆ’ ಅಥವಾ ‘ಬಲಿಪೂಜೆ’ ಎನ್ನುತ್ತಾರೆ. ಘಟ್ಟದ ಕೆಳಗಿನಿಂದ ಬಂದ ಕೊಂಕಣಿ ಮನೆತನಗಳ ಹಿರಿಯರು ‘ಮಿಸಾಕ್’ ಹೊರಡುತ್ತಾರೆ. ಇಂಗ್ಲಿಷ್ ಕಲಿಯುವ ಮಕ್ಕಳು ‘ಮಾಸ್’ ಎನ್ನುತ್ತಾರೆ. ಈ ‘ಮಿಸ್’ ಮತ್ತು ‘ಮಾಸ್’ ಎರಡಕ್ಕೂ ತಾಯಿಯಾದ ಲ್ಯಾಟಿನ್ ಪದ ‘ಮಿಸ್ಸಾ’. ಶತಮಾನೋತ್ಸವದ ಈ ಶುಭಸಂದರ್ಭದಲ್ಲಿ ಆ ಪದ ನಡೆದು ಬಂದ ದಾರಿಯನ್ನು ಸ್ಮರಿಸುವುದು ಉಚಿತವೆಂದು ಭಾವಿಸುತ್ತೇನೆ.

ಲ್ಯಾಟಿನ್ ಭಾಷೆಯಲ್ಲಿ ‘ಮಿತ್ತೆರೆ’ ಎಂದರೆ ಕಳುಹಿಸು ಎಂದರ್ಥ. ಅದರಿಂದ ಹುಟ್ಟಿದ ‘ಮಿಸ್ಸಾ’ ಎಂಬುದಕ್ಕೆ ಮೊದಲಿಗಿದ್ದ ಅರ್ಥ ಬೀಳ್ಕೊಡುಗೆ, ಸಭೆಯನ್ನು ಕಳುಹಿಸಿಕೊಡುವುದು, ಅಷ್ಟೇ. ಪೂಜೆಯ ಅಂತ್ಯದಲ್ಲಿ ‘ಇತೆ, ಮಿಸ್ಸಾ ಎಸ್ತ್’ ಎಂದು ಘೋಷಿಸಲಾಗುತ್ತಿತ್ತು. ‘ಹೋಗಿರಿ, ಬೀಳ್ಕೊಡುಗೆಯಾಯಿತು’ ಎಂಬುದು ಅದರ ತಾತ್ಪರ್ಯ. ಭಕ್ತಾದಿಗಳು ‘ದೇಓ ಗ್ರಾತ್ಸಿಯಾಸ್’, ಅಂದರೆ ದೇವರಿಗೆ ವಂದನೆ, ಎಂದು ಉತ್ತರಿಸುತ್ತಿದ್ದರು. ಪ್ರಾಚೀನ ಧರ್ಮಸಭೆಯಲ್ಲಿ ಬೀಳ್ಕೊಡುಗೆ ಎರಡು ಬಾರಿ ನಡೆಯುತ್ತಿತ್ತು. ಇನ್ನೂ ಜ್ಞಾನಸ್ನಾನ ಪಡೆಯದ ದೀಕ್ಷಾರ್ಥಿಗಳನ್ನು ವಾಚನ, ಪ್ರಬೋಧನೆಗಳಾದ ಮೇಲೆ ಕಳುಹಿಸುತ್ತಿದ್ದರು, ಉಳಿದವರನ್ನು ಕೊನೆಯಲ್ಲಿ. 636ರಲ್ಲಿ ದಿವಂಗತರಾದ ಸೆವಿಲ್ಲೆಯ ಸಂತ ಇಸಿದೋರರು ‘ಮಿಸ್ಸಾ’ ಎಂಬ ಹೆಸರಿಗೆ ದೀಕ್ಷಾರ್ಥಿಗಳನ್ನು ಹೊರಗೆ ಕಳುಹಿಸುವ ಈ ಪದ್ಧತಿಯೇ ಮೂಲವೆಂದು ವಿವರಿಸಿದ್ದಾರೆ. ಬಲಿ ಎಂಬ ಅರ್ಥದ ಹೀಬ್ರೂ ಪದವೊಂದರಿಂದ ಇದು ಬಂದಿತೆಂದು ಕೆಲವರು ವಾದಿಸಿದುದುಂಟು. ವಿದ್ವಾಂಸರು ಅದನ್ನು ಒಪ್ಪಿಲ್ಲ.

ಕೊನೆಯ ಮಾತೊಂದು ಇಡೀ ಆರಾಧನೆಗೆ ಹೆಸರಾಗುವುದು ವಿಚಿತ್ರವೆಂದು ವಾಚಕರಿಗೆ ತೋರಬಹುದು. ಆದರೆ ನಮ್ಮ ‘ಜಾತ್ರೆ’ಯನ್ನೇ ನೋಡೋಣ. ಅದು ‘ಯಾತ್ರೆ’ಯ ತದ್ಭವ. ಹೊರಟು ಹೋಗುವುದನ್ನು ಸೂಚಿಸುವ ಪದವೇ ಕನ್ನಡದಲ್ಲಿ ಜನರು ನೆರೆಯುವ ಹಬ್ಬದ ಹೆಸರಾಗಿದೆ. ಜರ್ಮನ್ ಭಾಷೆಯಲ್ಲಂತೂ ‘ಮಿಸ್ಸಾ’ದಿಂದ ಬಂದ ‘ಮೆಸ್ಸೆ’ ಎಂಬ ಪದಕ್ಕೆ ಪೂಜೆಯೆಂಬ ಅರ್ಥದ ಜೊತೆಗೆ ವ್ಯಾಪಾರದ ಸಂತೆ ಎಂಬ ಅರ್ಥವೂ ಇದೆ. ದೇವಾಲಯದ ಹಬ್ಬದ ದಿನ ಸಂತೆ ಕೂಡುತ್ತಿದ್ದುದೇ ಅದಕ್ಕೆ ಕಾರಣ.

ಇಂಗ್ಲೆಂಡಿಗೆ ಈ ಪದ ಧರ್ಮಪ್ರಚಾರಕರೊಡನೆ ಹೋಯಿತು. ಹಳೆಯ ಇಂಗ್ಲಿಷಿನಲ್ಲಿ ಅದು ‘ಮ್ಯಾಸ್ಸೆ’ ಎಂದಾಯಿತು. ಕ್ರಿಸ್ತರ ಪೂಜೆಯ ದಿನವೇ ‘ಕ್ರಿಸ್‌ಮಸ್’. ಸಂತ ಮಿಕಾಯೇಲರ ಪೂಜೆಯ ದಿನ ‘ಮೈಕೆಲ್‌ಮಸ್’. ಆಗಸ್ಟ್ 1ರಂದು ಹೊಸ ಗೋಧಿಯ ರೊಟ್ಟಿಯನ್ನು ದೇವಾಲಯಕ್ಕೆ ಒಯ್ಯುವ ದಿನ ‘ಲ್ಯಾಮಸ್’, ಎಂದರೆ ರೊಟ್ಟಿಯ ಪೂಜೆ. ಸೆಪ್ಟೆಂಬರ್ 8ರಂದು ಮಾತೆ ಮರಿಯಮ್ಮನವರ ಜನನೋತ್ಸವದಲ್ಲಿ ಹೊಸ ಭತ್ತದ ತೆನೆಯನ್ನು ಆಶೀರ್ವದಿಸಿ ಮನೆಗೆ ತರುವ ನಮಗೆ ಇದು ಅಪರಿಚಿತವಾದ ಭಾವನೆಯೇನಲ್ಲ. ಭೌತಶಾಸ್ತ್ರದ ಪಾಠದಲ್ಲಿ ಮಕ್ಕಳು ಓದುವ ‘ಮಾಸ್’, ಅಂದರೆ ದ್ರವ್ಯರಾಶಿ, ಬೇರೆಯೇ ಪದ. ಅದರ ಮೂಲ ಹಿಟ್ಟಿನ ಮುದ್ದೆ ಎಂಬರ್ಥದ ಗ್ರೀಕ್ ಶಬ್ದ.

ಈ ಪುಟ್ಟ ಪದಕ್ಕಾಗಿ ಜನರು ಕಷ್ಟವನ್ನೂ ಅನುಭವಿಸಿದ್ದಾರೆ. ಇಂಗ್ಲೆಂಡಿನ ಹೊಸ ಪ್ರಾರ್ಥನಾ ಪುಸ್ತಕದಲ್ಲಿ 1549ರಲ್ಲಿ ‘ಮಾಸ್ ಎಂದು ಸಾಮಾನ್ಯವಾಗಿ ಕರೆಯಲ್ಪಡುವ’ ಎಂಬ ಮಾತು ಇತ್ತು. 1552ರ ಪರಿಷ್ಕರಣದಲ್ಲಿ ಆ ಪದವನ್ನೇ ತೆಗೆದುಹಾಕಲಾಯಿತು. 1581ರ ಕಾನೂನು ಪೂಜೆ ಅರ್ಪಿಸಿದವರಿಗೆ 200 ಮಾರ್ಕ್, ಪೂಜೆಯಲ್ಲಿ ಭಾಗವಹಿಸಿದವರಿಗೆ 100 ಮಾರ್ಕ್ ದಂಡವನ್ನೂ ಒಂದು ವರ್ಷದ ಸೆರೆಮನೆ ವಾಸವನ್ನೂ ವಿಧಿಸಿತು. ಕಥೋಲಿಕರು ಬಹಿರಂಗವಾಗಿ ಆರಾಧಿಸಲು 1791ರವರೆಗೆ ಕಾಯಬೇಕಾಯಿತು. ಆದರೂ ‘ಕ್ರಿಸ್‌ಮಸ್’ ಎನ್ನುವಾಗಲೆಲ್ಲ ಪೂಜೆಯನ್ನು ನಿಷೇಧಿಸಿದವರ ಬಾಯಲ್ಲಿಯೂ ಅದೇ ಪದ ಉಳಿದುಕೊಂಡಿತು!

ನಮ್ಮ ನಾಡಿಗೆ ‘ಮಿಸ್ಸಾ’ ಬೇರೊಂದು ದಾರಿಯಿಂದ ಬಂದಿತು. ಪೋರ್ಚುಗೀಸರು 1510ರಲ್ಲಿ ಗೋವೆಯನ್ನು ಹಿಡಿದ ನಂತರ ಅವರ ‘ಮಿಸ್ಸಾ’ ಕೊಂಕಣಿಯ ‘ಮಿಸ್’ ಆಗಿ ಕರಾವಳಿಗೆ ಇಳಿದು, ಅಲ್ಲಿಂದ ಘಟ್ಟವನ್ನು ಹತ್ತಿತು. ಇತ್ತ ಮೈಸೂರು ಸೀಮೆಯಲ್ಲಿ ದುಡಿದ ಫ್ರೆಂಚ್ ಗುರುಗಳ ಸಂಸ್ಥೆಯ ಹೆಸರಿನಲ್ಲಿರುವ ‘ಮಿಷನ್’ ಎಂಬ ಪದವೂ ‘ಮಿತ್ತೆರೆ’ಯ ಮಗುವೇ. ಅವರು ಕಳುಹಿಸಲ್ಪಟ್ಟವರು. ಅವರು ಸಾಕಿ ಬೆಳೆಸಿದ ಮೈಸೂರು ಧರ್ಮಪ್ರಾಂತ್ಯದಿಂದಲೇ 1963ರಲ್ಲಿ ನಮ್ಮ ಚಿಕ್ಕಮಗಳೂರು ಧರ್ಮಪ್ರಾಂತ್ಯ ಉದಯಿಸಿತು.

ಅದೇ 1963ರ ಡಿಸೆಂಬರ್ 4ರಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು ಆರಾಧನಾ ವಿಧಿಯಲ್ಲಿ ಜನಭಾಷೆಗಳಿಗೆ ಬಾಗಿಲು ತೆರೆಯಿತು. ಅಂದಿನಿಂದ ಪೂಜೆ ಯಾವ ಭಾಷೆಯಲ್ಲಿ ನಡೆಯಬೇಕೆಂಬ ವಿಷಯವಾಗಿ ಕರ್ನಾಟಕದ ಕ್ರೈಸ್ತರಲ್ಲಿ ಆಗಾಗ ಮನಸ್ತಾಪಗಳು ತಲೆದೋರಿವೆ ಎಂಬುದನ್ನು ಮರೆಮಾಚಬೇಕಾಗಿಲ್ಲ. ತಾಯ್ನುಡಿಯಲ್ಲಿ ಪ್ರಾರ್ಥಿಸುವ ಹಂಬಲ ಸಹಜವಾದುದು. ನೆಲದ ಭಾಷೆಗೆ ಸಲ್ಲಬೇಕಾದ ಗೌರವವೂ ನ್ಯಾಯವಾದುದು. ಆದರೆ ಪದದ ಚರಿತ್ರೆ ನಮಗೊಂದು ವಿವೇಕವನ್ನು ಹೇಳಿಕೊಡುತ್ತದೆ. ರೋಮಿನಲ್ಲಿಯೇ ಮೊದಲ ಶತಮಾನಗಳ ಆರಾಧನೆ ಗ್ರೀಕಿನಲ್ಲಿ ನಡೆಯುತ್ತಿತ್ತು. ಲ್ಯಾಟಿನ್ ಅಂದಿನ ಜನಸಾಮಾನ್ಯರ ಭಾಷೆಯಾಗಿ ಆಮೇಲೆ ಬಂದಿತು. ಆದುದರಿಂದ ‘ಪೂಜೆ’ ಎನ್ನುವವರೂ ‘ಮಿಸ್’ ಎನ್ನುವವರೂ ಕರೆಯುತ್ತಿರುವುದು ಒಂದೇ ಪೀಠದ ಒಂದೇ ಬಲಿಯನ್ನು.

ಹಾಸನದ ಬಳಿಯ ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ ದೇವಾಲಯವನ್ನು ನಮ್ಮಲ್ಲಿ ಅನೇಕರು ನೋಡಿದ್ದಾರೆ. ನಮ್ಮ ಸಕಲೇಶಪುರವನ್ನು ಹಾಯ್ದು ಹೋಗುವ ಹೇಮಾವತಿಗೆ ಗೊರೂರಿನಲ್ಲಿ ಅಣೆಕಟ್ಟು ಕಟ್ಟಿದ ಮೇಲೆ ಅಲ್ಲಿನ ಜನರು ಊರು ಬಿಟ್ಟು ಹೋಗಬೇಕಾಯಿತು. ಮಳೆಗಾಲದಲ್ಲಿ ಅದರ ಗೋಡೆಗಳು ಇಂದಿಗೂ ನೀರಿನಲ್ಲಿ ನಿಲ್ಲುತ್ತವೆ. ಕಟ್ಟಡವು ನೀರುಪಾಲಾಗಬಹುದು. ಆದರೆ ಅಲ್ಲಿಂದ ಕಳುಹಿಸಲ್ಪಟ್ಟವರು ಹೋದೆಡೆಯಲ್ಲೆಲ್ಲ ವಿಶ್ವಾಸವೂ ಹೋಗುತ್ತದೆ. ಜಗದ್ಗುರು ಹದಿನಾರನೆಯ ಬೆನೆಡಿಕ್ಟರು 2007ರ ತಮ್ಮ ಪ್ರಬೋಧನಾ ಪತ್ರದಲ್ಲಿ, ಹಿಂದೆ ಬರಿಯ ಬೀಳ್ಕೊಡುಗೆಯಾಗಿದ್ದ ‘ಮಿಸ್ಸಾ’ ಕ್ರೈಸ್ತರ ಬಳಕೆಯಲ್ಲಿ ಕ್ರಮೇಣ ‘ಪ್ರೇಷಣ’ ಎಂಬ ಆಳವಾದ ಅರ್ಥವನ್ನು ಪಡೆಯಿತೆಂದು ಬೋಧಿಸಿರುವುದು ಇದನ್ನೇ.

ಪೂಜೆ ಮುಗಿಯುವ ಮುನ್ನವೇ ಬಾಗಿಲ ಕಡೆಗೆ ಸರಿಯುವ ಅಭ್ಯಾಸ ನಮ್ಮಲ್ಲಿ ಕೆಲವರಿಗಿದೆ. ಯಾವ ಮಾತಿನಿಂದ ಪೂಜೆಗೆ ಆ ಹೆಸರು ಬಂದಿತೋ ಆ ಮಾತನ್ನೇ ಕೇಳದೆ ಹೋದಂತಾಯಿತಲ್ಲವೇ? ಕನ್ನಡಿಗರು ಮನೆಯಿಂದ ಹೊರಡುವವರಿಗೆ ‘ಹೋಗು’ ಎನ್ನುವುದಿಲ್ಲ, ‘ಹೋಗಿ ಬಾ’ ಎನ್ನುತ್ತಾರೆ. ನೂರು ವರ್ಷಗಳಿಂದ ನಮ್ಮ ದೇವಾಲಯವು ವಾರವಾರವೂ ತನ್ನ ಮಕ್ಕಳಿಗೆ ಹೇಳುತ್ತ ಬಂದಿರುವುದೂ ಅದೇ ಮಾತು. ತೋಟಕ್ಕೆ, ಗದ್ದೆಗೆ, ಶಾಲೆಗೆ, ನೆರೆಮನೆಯ ರೋಗಿಯ ಬಳಿಗೆ ಹೋಗಿರಿ. ಅಲ್ಲಿ ಕ್ರಿಸ್ತರ ಶಾಂತಿಯನ್ನು ಹಂಚಿ ಮರಳಿ ಬನ್ನಿರಿ.