ಯು-ರಿಪೋರ್ಟ್

ಯುವಜನರು ತಮ್ಮ ಊರಿನ ಆರೋಗ್ಯ, ಶಾಲೆ, ನೀರಿನ ಸ್ಥಿತಿಗತಿಯನ್ನು ಮೊಬೈಲ್ ಸಂದೇಶದ ಮೂಲಕ ಆಡಳಿತಕ್ಕೆ ಮುಟ್ಟಿಸುವ ಜಾಲ. ಯುನಿಸೆಫ್ ಇದನ್ನು 2011ರಲ್ಲಿ ಉಗಾಂಡದಲ್ಲಿ ಆರಂಭಿಸಿತು. ಸ್ಮಾರ್ಟ್‌ಫೋನ್ ಬೇಕಿರಲಿಲ್ಲ; ಸಾದಾ ಫೋನಿನಿಂದ ಉಚಿತ ಎಸ್‌ಎಂಎಸ್ ಕಳಿಸಿದರೆ ಸಾಕಿತ್ತು. ಸದಸ್ಯರನ್ನು ಸೇರಿಸಲು ಸ್ಕೌಟ್ಸ್‌ನಂಥ ಸಂಘಟನೆಗಳು ನೆರವಾದವು.

ಪ್ರಶ್ನೆಯೊಂದು ಎಲ್ಲರ ಫೋನಿಗೂ ಹೋಗುತ್ತದೆ. ಬಂದ ಉತ್ತರಗಳನ್ನು ಪ್ರದೇಶವಾರು ವಿಂಗಡಿಸಿ ಪ್ರಕಟಿಸುತ್ತಾರೆ. ಹೀಗಾಗಿ ರಾಜಧಾನಿ ಕಂಪಾಲಾದಲ್ಲಿ ಕುಳಿತ ಅಧಿಕಾರಿಗೆ ದೂರದ ಜಿಲ್ಲೆಯ ಕಷ್ಟವೂ ಕಾಣುತ್ತದೆ.

ಜಾಂಬಿಯಾದಲ್ಲಿ ಈ ಜಾಲ 2012ರಲ್ಲಿ ಇನ್ನಷ್ಟು ಆಳಕ್ಕಿಳಿಯಿತು. ಮನೆಯಲ್ಲಾಗಲಿ ಶಾಲೆಯಲ್ಲಾಗಲಿ ಬಾಯಿಬಿಟ್ಟು ಕೇಳಲಾಗದ ಎಚ್‌ಐವಿ ಕುರಿತ ಪ್ರಶ್ನೆಗಳನ್ನು ಹದಿಹರೆಯದವರು ಸಂದೇಶವಾಗಿ ಕಳಿಸತೊಡಗಿದರು; ತರಬೇತಿ ಪಡೆದ ಆಪ್ತಸಮಾಲೋಚಕರು ಗುಟ್ಟು ಕಾಪಾಡಿ ಉತ್ತರಿಸಿದರು. ಯು-ರಿಪೋರ್ಟಿನ ಅತ್ಯಂತ ಮಾನವೀಯ ಬಳಕೆ ಇದೇ ಎನ್ನಬೇಕು.

ಮಿತಿಗಳೂ ಸಣ್ಣವಲ್ಲ. ಕೈಯಲ್ಲಿ ಫೋನಿಲ್ಲದ ಹುಡುಗಿಯರು, ಓದುಬರಹ ಬಾರದವರು ಲೆಕ್ಕದಿಂದ ಹೊರಗುಳಿಯುತ್ತಾರೆ. ಮಾಹಿತಿ ಕೊಡುವುದಕ್ಕೂ ತೀರ್ಮಾನದಲ್ಲಿ ಪಾಲು ಪಡೆಯುವುದಕ್ಕೂ ಅಂತರ ದೊಡ್ಡದು. ಡಿಜಿಟಲ್ ಆರೋಗ್ಯದ ಭವಿಷ್ಯ ಕುರಿತು ಲ್ಯಾನ್ಸೆಟ್ ಮತ್ತು ಫೈನಾನ್ಷಿಯಲ್ ಟೈಮ್ಸ್ ಪತ್ರಿಕೆಗಳ ಜಂಟಿ ಆಯೋಗ 2021ರಲ್ಲಿ ನೀಡಿದ ವರದಿ, ನೀತಿ ರೂಪಿಸುವಲ್ಲಿಯೇ ಯುವಜನರಿಗೆ ಸ್ಥಾನ ಕೇಳಿತು.